ವಾದ್ಯಮೇಳವೂ ಬಾಗಿಲ ತಪಾಸಣೆಯೂ

ನಾವು ಹುಡುಕಿಕೊಂಡು ಹೋಗಿ ಕೇಳುವ ಸಂಗೀತ ಒಂದು ಬಗೆ. ತಾನೇ ನಡೆದು ನಮ್ಮ ಬಳಿಗೆ ಬರುವ ಸಂಗೀತ ಇನ್ನೊಂದು ಬಗೆ. ಕಚೇರಿ ಮೊದಲನೆಯದಕ್ಕೆ ಸೇರಿದುದು, ಮೆರವಣಿಗೆಯ ವಾದ್ಯ ಎರಡನೆಯದಕ್ಕೆ. ಹಾಸನದಿಂದ ಅರಸೀಕೆರೆಯ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ದುದ್ದದಂಥ ಊರಿನಲ್ಲಿ ಹುಟ್ಟಿ ಬೆಳೆದವರ ಕಿವಿಗೆ ಮೊದಲು ಬೀಳುವುದು ಈ ಎರಡನೆಯದೇ. ದೇವರ ಉತ್ಸವದ ಓಲಗ, ಹಬ್ಬದ ದಿನದ ಚಿಟ್ಟಿಮೇಳ, ಮದುವೆಯ ದಿಬ್ಬಣದ ಬ್ಯಾಂಡು, ಇವಕ್ಕೆ ಸಭಾಂಗಣವೂ ಇಲ್ಲ, ಆಹ್ವಾನಪತ್ರಿಕೆಯೂ ಇಲ್ಲ. ಜಗಲಿಯ ಮೇಲೆ ಕುಳಿತವನು ಕುಳಿತಲ್ಲೇ ಕೇಳುತ್ತಾನೆ; ಹೊಲದಿಂದ ಬರುವವನು ಹೆಗಲ ಮೇಲಿನ ನೇಗಿಲನ್ನು ಇಳಿಸದೆಯೇ ಒಂದು ಗಳಿಗೆ ನಿಲ್ಲುತ್ತಾನೆ; ಹಾಸಿಗೆ ಹಿಡಿದ ಮುದುಕಿಯೂ ಕಿಟಕಿಯ ಕಡೆಗೆ ಮುಖ ತಿರುಗಿಸುತ್ತಾಳೆ. ಸಂಗೀತವು ಇವರಲ್ಲಿ ಯಾರನ್ನೂ ನೀನಾರೆಂದು ಕೇಳುವುದಿಲ್ಲ.

ಈ ನಡೆಯುವ ಸಂಗೀತವನ್ನೇ ಬೇಲಿಯ ಒಳಗೆ ಕರೆದೊಯ್ದು, ಬೇಲಿಗೆ ಬಾಗಿಲಿಟ್ಟು, ಬಾಗಿಲಿಗೆ ಕಾವಲಿಟ್ಟರೆ ಸಂಬಂಧ ತಿರುವುಮುರುವಾಗುತ್ತದೆ. ಈಗ ನಡೆಯಬೇಕಾದವರು ನಾವು. ನಡೆದು, ನಿಂತು, ಕಾದು, ಕೈಯೆತ್ತಿ ತೋರಿಸಿ, ಒಳಗೆ ಬಿಡಿಸಿಕೊಳ್ಳಬೇಕಾದವರು ನಾವು. ಮೈಸೂರಿನ ದಸರೆಯನ್ನು ನೋಡಿದವರಿಗೆ ಈ ಎರಡೂ ಬಗೆ ಒಂದೇ ದಿನದಲ್ಲಿ ಕಾಣಸಿಗುತ್ತವೆ. ವಿಜಯದಶಮಿಯ ಮಧ್ಯಾಹ್ನ ಅರಮನೆಯಿಂದ ಹೊರಡುವ ಜಂಬೂಸವಾರಿ ಸಯ್ಯಾಜಿರಾವ್ ರಸ್ತೆಯ ಮೂಲಕ ಬನ್ನಿಮಂಟಪದವರೆಗೆ ಐದು ಕಿಲೋಮೀಟರಿನಷ್ಟು ದೂರ ನಡೆಯುತ್ತದೆ. ಏಳುನೂರೈವತ್ತು ಕಿಲೋ ತೂಕದ ಚಿನ್ನದ ಅಂಬಾರಿಯ ಹಿಂದೆ ಮುಂದೆ ಪೊಲೀಸ್ ಬ್ಯಾಂಡು, ನಾದಸ್ವರ, ಡೊಳ್ಳು, ನಗಾರಿ. ಅರಮನೆಯ ಆವರಣದಲ್ಲಿ ಕುಳಿತು ನೋಡಲು ಪಾಸು ಬೇಕು. ಬೀದಿಯ ಅಂಚಿನಲ್ಲಿ ಬೆಳಗ್ಗೆಯೇ ಬಂದು ಬಟ್ಟೆ ಹಾಸಿಕೊಂಡವರಿಗೆ ಬೇಡ. ಸಂಜೆ ಬನ್ನಿಮಂಟಪದ ಮೈದಾನದಲ್ಲಿ ಪಂಜಿನ ಕವಾಯತು ನಡೆಯುವಾಗಲಾದರೋ ಬೀದಿಯವನಿಗೆ ಎಡೆಯಿಲ್ಲ. ಅಲ್ಲಿ ಎಲ್ಲರೂ ಬಾಗಿಲ ಮೂಲಕವೇ ಹೋಗಬೇಕು. 2025ರಲ್ಲಿ ಈ ಕವಾಯತಿನ ಟಿಕೆಟ್ಟಿಗೆ ಸಾವಿರದೈನೂರು ರೂಪಾಯಿಯೆಂದೂ ಎಲ್ಲ ಕಡೆಗೂ ಪ್ರವೇಶ ಕೊಡುವ ಗೋಲ್ಡ್ ಕಾರ್ಡಿಗೆ ಆರು ಸಾವಿರದೈನೂರು ಎಂದೂ ಗೊತ್ತುಮಾಡಿದ್ದರು. ಇದರ ಹೊರತಾಗಿ ಕೈಯಿಂದ ಕೈಗೆ ಸಾಗುವ ಪಾಸುಗಳು ಬೇರೆ. ಯಾರಿಗೆ ಯಾರಿಂದ ಬಂದವೆಂದು ಕೇಳುವುದು ಸಭ್ಯತೆಯಲ್ಲವೆಂದು ನಾವೆಲ್ಲ ಒಪ್ಪಿಕೊಂಡಿದ್ದೇವೆ.

ಇದೇನು ಹೊಸದೆ? ಅಲ್ಲ. ಅರಸರ ಕಾಲದಲ್ಲಿಯೂ ದರ್ಬಾರಿಗೆ ಆಹ್ವಾನವಿಲ್ಲದೆ ಹೋಗುವಂತಿರಲಿಲ್ಲ. ದರ್ಬಾರಿನ ಪೋಷಾಕು ಬೇರೆ, ಅಲ್ಲಿ ಕೂರುವ ಕ್ರಮ ಬೇರೆ. ಐರೋಪ್ಯರಿಗೆಂದು ಪ್ರತ್ಯೇಕ ದರ್ಬಾರೇ ನಡೆಯುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಕರ್ಣಾಟಕ ವಾದ್ಯವೂ ಪಾಶ್ಚಾತ್ಯ ಬ್ಯಾಂಡೂ ಎರಡೂ ಬೆಳೆದುವಷ್ಟೆ. ಆ ವಾದ್ಯಗಾರರ ಪರಂಪರೆಯೇ ಮುಂದೆ ಪೊಲೀಸ್ ಬ್ಯಾಂಡಿನಲ್ಲಿ ಉಳಿಯಿತು. ಆದರೆ ಅಂದಿನ ಬಾಗಿಲು ತನ್ನ ತಾರತಮ್ಯವನ್ನು ಬಚ್ಚಿಡುತ್ತಿರಲಿಲ್ಲ. ಅದು ಅರಸನ ಮನೆ. ಅವನು ಕರೆದವರು ಒಳಗೆ, ಕರೆಯದವರು ಹೊರಗೆ. ಇಂದಿನ ಬಾಗಿಲು ಹಾಗೆನ್ನುವುದಿಲ್ಲ. ಅದು ಎಲ್ಲರ ರಕ್ಷಣೆಗಾಗಿ ಎನ್ನುತ್ತದೆ. ಈ ಮಾತು ನಿಜವೆ ಎಂಬುದೇ ಇಲ್ಲಿ ನಾನು ವಿಚಾರಮಾಡಬೇಕೆಂದಿರುವ ಪ್ರಶ್ನೆ.

ಬಾಗಿಲಿಲ್ಲದ ಸಂಗೀತವೇ ಲೇಸೆಂದು ನಿಟ್ಟುಸಿರು ಬಿಟ್ಟು ಕೈತೊಳೆದುಕೊಳ್ಳುವುದು ಸುಲಭ. ನಮ್ಮ ತಾಲ್ಲೂಕಿನವರು ಹಾಗೆ ಮಾಡುವಂತಿಲ್ಲ. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ–ಹೊಳೆನರಸೀಪುರ ಹೆದ್ದಾರಿಯ ಮೊಸಳೆಹೊಸಹಳ್ಳಿಯಲ್ಲಿ ಗಣಪತಿಯ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿಯೊಂದು ನುಗ್ಗಿತು. ಹಾಡು ಕುಣಿತಗಳ ನಡುವೆ ಇದ್ದ ತರುಣರು, ಅವರಲ್ಲಿ ಹಲವರು ಓದುವ ಹುಡುಗರು, ಪ್ರಾಣ ಕಳೆದುಕೊಂಡರು. ಅದೇ ವರ್ಷ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಹೊರಗೆ ಹನ್ನೊಂದು ಮಂದಿ ಸತ್ತರು. ಮೂವತ್ತೈದು ಸಾವಿರದಷ್ಟು ಜನ ಹಿಡಿಯುವ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದಿದ್ದರು. ಮೊದಲನೆಯ ಕಡೆ ಜನರಿಗೂ ವಾಹನಗಳಿಗೂ ನಡುವೆ ತಡೆಯೇ ಇಲ್ಲವಾಯಿತು. ಎರಡನೆಯ ಕಡೆ ಬಾಗಿಲಿತ್ತು, ಆದರೆ ಅದರ ಮುಂದೆ ಸಾಲಿರಲಿಲ್ಲ. ಇಂಥ ಗುಂಪಿನಲ್ಲಿ ಸಾಯುವವರು ಬಹುಮಟ್ಟಿಗೆ ತುಳಿತದಿಂದಲ್ಲ, ಒತ್ತಡದಲ್ಲಿ ಎದೆ ಹಿಗ್ಗಲಾರದೆ ಉಸಿರುಕಟ್ಟಿ ಸಾಯುತ್ತಾರೆಂದು ಬಲ್ಲವರು ಹೇಳುತ್ತಾರೆ. ಒಂದು ಚದರ ಮೀಟರಿನಲ್ಲಿ ಐದಾರು ಜನ ನಿಂತರೆಂದರೆ ಅಲ್ಲಿ ಮನುಷ್ಯರು ನಿಂತಿದ್ದಾರೆನ್ನುವಂತಿಲ್ಲ. ನೀರು ತುಂಬಿದಂತೆ ತುಂಬಿರುತ್ತಾರೆ, ಒಬ್ಬನ ಹೆಜ್ಜೆ ಅವನ ವಶದಲ್ಲಿರುವುದಿಲ್ಲ. ಹಿಂದಿರುವವನಿಗೆ ಮುಂದೇನಾಗುತ್ತಿದೆಯೆಂದು ತಿಳಿಯುವುದಿಲ್ಲ. ಅವನು ಒಂದು ಹೆಜ್ಜೆ ಮುಂದಿಟ್ಟೆನೆಂದು ಸಂತೋಷಪಡುತ್ತಾನೆ, ಅಷ್ಟೆ. ದಸರೆಯ ಆನೆಗಳನ್ನು ವಾರಗಟ್ಟಲೆ ಬೀದಿಯಲ್ಲಿ ನಡೆಸಿ, ಫಿರಂಗಿಯ ಸದ್ದಿಗೂ ಜನರ ಗದ್ದಲಕ್ಕೂ ಪಳಗಿಸುತ್ತಾರೆ. ಜನರನ್ನು ಯಾರೂ ಪಳಗಿಸುವುದಿಲ್ಲ. ಆದುದರಿಂದ ಕಾವಲು ಬೇಕು, ಸಾಲು ಬೇಕು, ತಪಾಸಣೆಯೂ ಬೇಕು. ಇದರಲ್ಲಿ ನನಗೆ ಸಂದೇಹವಿಲ್ಲ.

ಆದರೆ ಸಾಲಿನಲ್ಲಿ ನಿಂತವನ ಬೇಸರವನ್ನು ಅವನ ಅಸಹನೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕೊಂಚ ಲೆಕ್ಕ ಹಾಕಿ ನೋಡೋಣ. ಒಬ್ಬನ ಚೀಲವನ್ನು ಬಿಚ್ಚಿಸಿ, ಮೈ ತಡವಿ ಒಳಕ್ಕೆ ಬಿಡಲು ಹತ್ತು ಸೆಕೆಂಡು ಹಿಡಿದರೆ, ಒಂದು ಬಾಗಿಲಿನಲ್ಲಿ ಗಂಟೆಗೆ ಮುನ್ನೂರರುವತ್ತು ಜನ ಹೋಗಬಹುದು. ಬಾಗಿಲುಗಳು ಹತ್ತಾದರೆ ಮೂರು ಸಾವಿರದ ಆರುನೂರು. ಇಪ್ಪತ್ತು ಸಾವಿರ ಜನರನ್ನು ಕರೆದಿದ್ದರೆ ಐದೂವರೆ ಗಂಟೆಗೂ ಮಿಕ್ಕಿ ಬೇಕು. ಬಾಗಿಲು ತೆರೆಯುವುದು ಕಾರ್ಯಕ್ರಮಕ್ಕೆ ಎರಡು ಗಂಟೆ ಮುಂಚೆಯೆಂದಾದರೆ ಹನ್ನೆರಡು ಸಾವಿರಕ್ಕಿಂತ ಹೆಚ್ಚು ಮಂದಿ ಹೊರಗೆ ನಿಂತೇ ಮೊದಲ ಕಹಳೆಯನ್ನು ಕೇಳುತ್ತಾರೆ. ಇದು ಜನರ ಶಿಸ್ತಿಗೆ ಸಂಬಂಧಪಟ್ಟ ಮಾತಲ್ಲ, ಭಾಗಾಕಾರಕ್ಕೆ ಸಂಬಂಧಪಟ್ಟದ್ದು. ಈ ಭಾಗಾಕಾರವನ್ನು ಮಾಡದೆ ಜನರನ್ನು ಕರೆದವರು, ಆಮೇಲೆ ನೂಕುನುಗ್ಗಲಾಯಿತೆಂದು ಜನರನ್ನೇ ದೂರುತ್ತಾರೆ. ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ 1989ರ ಏಪ್ರಿಲ್ 15ರಂದು ಹಿಲ್ಸ್‌ಬರೋ ಮೈದಾನದ ಕಾಲ್ಚೆಂಡಾಟಕ್ಕೆ ಹೀಗೆಯೇ ಇಕ್ಕಟ್ಟಾದ ಬಾಗಿಲುಗಳ ಮುಂದೆ ಸಾವಿರಾರು ಜನ ಸೇರಿಕೊಂಡರು. ಒತ್ತಡ ತಾಳಲಾರದೆ ಹೊರಹೋಗುವ ಬಾಗಿಲೊಂದನ್ನು ತೆರೆಸಿದರು. ಒಳನುಗ್ಗಿದವರು ಮೊದಲೇ ತುಂಬಿದ್ದ ಕಟಕಟೆಗಳಿಗೆ ಸೇರಿದರು. ಸತ್ತವರ ಸಂಖ್ಯೆ ಕಡೆಗೆ ತೊಂಬತ್ತೇಳಾಯಿತು. ಕುಡಿದ ಜನರದೇ ತಪ್ಪೆಂದು ಮೊದಲು ಹೇಳಿದರು. ಹಾಗಲ್ಲವೆಂದು ನ್ಯಾಯಸ್ಥಾನದಲ್ಲಿ ಸ್ಥಿರವಾಗಿ ತೀರ್ಮಾನವಾಗುವ ವೇಳೆಗೆ ಇಪ್ಪತ್ತೇಳು ವರ್ಷಗಳಾಗಿದ್ದುವು.

ಇನ್ನು ತಪಾಸಣೆಯ ವಿಷಯ. ಮೈ ಮುಟ್ಟಿ ನೋಡುವುದು ಅವಮಾನವೆಂದು ನಮ್ಮವರಲ್ಲಿ ಕೆಲವರು ಕೆರಳುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ರೈಲ್ವೆ ಗೇಟು ಹಾಕಿದಾಗ ಎತ್ತಿನ ಗಾಡಿಯೂ ನಿಲ್ಲುತ್ತದೆ, ಮೋಟಾರೂ ನಿಲ್ಲುತ್ತದೆ. ಅದರಿಂದ ಮೋಟಾರಿನವನಿಗೆ ಅವಮಾನವಾಯಿತೆಂದು ಯಾರೂ ಹೇಳರು. ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವ ಸಂದೇಹವು ಯಾರ ಮೇಲಿನ ಸಂದೇಹವೂ ಅಲ್ಲ. ಅದು ಕೇವಲ ಎಚ್ಚರಿಕೆ. ಆ ಸಮತ್ವ ತಪ್ಪಿದಾಗ ಏನಾಗುತ್ತದೆಂಬುದನ್ನು ಹೇಳಲು ನನ್ನದೇ ಒಂದು ಸಂಗತಿಯನ್ನು ತೆಗೆಯಬೇಕಾಗಿದೆ. ಅದನ್ನು ಹೇಳದೆ ಈ ಲೇಖನವನ್ನು ಬರೆದರೆ ಉಪದೇಶವಾದೀತೇ ಹೊರತು ವಿಚಾರವಾಗಲಾರದು.

ನಮ್ಮ ಬೀದಿಯಲ್ಲಿ ಹಿರಿಯರೊಬ್ಬರಿದ್ದಾರೆ. ಪ್ರಾಯದಲ್ಲಿ ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಮುಂದಿನ ಹಲ್ಲು ಹೋದ ಮೇಲೆ ಬಿಟ್ಟರು. ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಅವರು ನಡೆಯದ ದಿಬ್ಬಣವಿಲ್ಲ. ಪೊಲೀಸ್ ಬ್ಯಾಂಡನ್ನು ಎದುರಿಗೆ ಕುಳಿತು ಒಂದು ಸಲ ಕೇಳಬೇಕೆಂದು ಅವರಿಗೆ ಬಹುಕಾಲದ ಆಸೆ. ಕೆಲವು ವರ್ಷಗಳ ಹಿಂದೆ ಒಂದು ಪಟ್ಟಣದಲ್ಲಿ ಅಂಥದೊಂದು ಪ್ರದರ್ಶನವಿತ್ತು; ಊರಿನ ಹೆಸರು ಬೇಡ. ಇಬ್ಬರೂ ಹೋದೆವು. ಮೂರು ಗಂಟೆಗೇ ಸಾಲಿನಲ್ಲಿ ನಿಂತೆವು. ನೆರಳಿರಲಿಲ್ಲ. ಸಾಲು ಏಕೆ ನಿಂತಿದೆ, ಎಷ್ಟು ಹೊತ್ತಿಗೆ ಚಲಿಸೀತು ಎಂದು ಹೇಳುವವರಿರಲಿಲ್ಲ. ಕಾಯುವುದರಲ್ಲಿ ಕಾಲಿಗಿಂತ ಹೆಚ್ಚಾಗಿ ನೋಯುವುದು ಈ ತಿಳಿಯದಿರುವಿಕೆ. ಹಿರಿಯರಾದರೋ ಬೇಸರಪಡಲಿಲ್ಲ. "ನಾವು ಗಂಡಿನವರ ಮನೆ ಮುಂದೆ ಅರ್ಧ ರಾತ್ರಿ ನಿಂತಿರ್ತಿದ್ವಲ್ಲ ಮೇಷ್ಟ್ರೇ, ಊಟಕ್ಕೆ ಕರೆಯೋವರೆಗೂ" ಎಂದು ನಕ್ಕರು.

ಬಾಗಿಲು ಇನ್ನು ಮೂವತ್ತು ಮಾರು ಇದೆಯೆನ್ನುವಾಗ ಯಾರೋ ನನ್ನ ಹೆಸರು ಹಿಡಿದು ಕೂಗಿದರು. ಹಿಂದೊಮ್ಮೆ ನನ್ನಲ್ಲಿ ಓದಿದ ಹುಡುಗ; ಈಗ ವ್ಯವಸ್ಥೆಯವರಲ್ಲಿ ಒಬ್ಬ. "ನೀವಿಲ್ಲಿ ನಿಲ್ಲೋದೇ ಸಾರ್? ಬನ್ನಿ, ಬನ್ನಿ" ಎಂದು ಕೈಹಿಡಿದು ಹಗ್ಗದ ಆಚೆಗೆ ಎಳೆದುಕೊಂಡ. ನಾನು ಹಿರಿಯರ ಕಡೆಗೆ ನೋಡಿದೆ. "ಅವರೂ ಬರ್ತಾರೆ ಸಾರ್, ಇನ್ನೇನು ಬಂದೇಬಿಟ್ಟಿತಲ್ಲ ಸಾಲು" ಎಂದ. ಹಿರಿಯರು ತಾವೇ "ಹೋಗಿ ಮೇಷ್ಟ್ರೇ, ಜಾಗ ಹಿಡಿದಿರಿ" ಎಂದರು. ಜಾಗ ಹಿಡಿಯಲೆಂದೇ ನಾನು ಹೋದೆನೆಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಬಿಸಿಲಿನಿಂದ ತಪ್ಪಿಸಿಕೊಳ್ಳುವುದು ಹಿತವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅಷ್ಟು ಜನರ ಎದುರಿಗೆ ಕರೆಸಿಕೊಂಡದ್ದು ಹಿತವಾಗಿತ್ತು.

ಪಕ್ಕದ ಬಾಗಿಲಿನಲ್ಲಿ ಮೆಟಲ್ ಡಿಟೆಕ್ಟರಿನ ಚೌಕಟ್ಟು ಇತ್ತು. ನಾನು ದಾಟುವಾಗ ಅದು ಕೂಗಿತು. ಹುಡುಗ ಕಾವಲಿನವನಿಗೆ ಕೈಸನ್ನೆ ಮಾಡಿದ. ಕಾವಲಿನವನು ನನಗೆ ನಮಸ್ಕಾರ ಮಾಡಿದ. ಒಳಗೆ ಕುಳಿತು, ಬೆವರೊರಸಲು ವಸ್ತ್ರ ತೆಗೆಯುವಾಗ ಜೇಬಿನಲ್ಲಿ ಕೈಗೆ ಸಿಕ್ಕಿದ್ದು ನನ್ನ ಮಡಿಸುವ ಚಾಕು. ಹಣ್ಣು ಹೆಚ್ಚಲೆಂದೂ ಪೆನ್ಸಿಲ್ ಹೆರೆಯಲೆಂದೂ ಇಟ್ಟುಕೊಂಡದ್ದು. ಅಲಗು ಎರಡೂವರೆ ಅಂಗುಲ.

ಹಿರಿಯರು ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ಆ ವೇಳೆಗೆ ಬ್ಯಾಂಡು ಮೈದಾನವನ್ನು ಎರಡು ಸುತ್ತು ಬಂದು ನಿಂತಿತ್ತು. ಅವರು ಕಾದು ಬಂದದ್ದು ಮುಖ್ಯವಾಗಿ ಆ ನಡೆಯುವ ಭಾಗಕ್ಕಾಗಿಯೇ. ನಡೆಯುತ್ತ ಊದುವಾಗ ಉಸಿರನ್ನು ಹೆಜ್ಜೆಯೊಡನೆ ಹೇಗೆ ಹೊಂದಿಸುತ್ತಾರೆಂದು ನೋಡಬೇಕೆಂದಿದ್ದರು. ತಡವಾದುದಕ್ಕೆ ಕಾರಣ ಅವರ ಎಲೆಯಡಕೆಯ ಸಂಚಿ. ಅದರಲ್ಲಿ ಸುಣ್ಣದ ಕಾಯಿ ಇತ್ತು, ಅಡಕತ್ತರಿ ಇತ್ತು. ಸುಣ್ಣದ ಕಾಯನ್ನು ಮೂಸಿ ನೋಡಿ ಹಿಂದಕ್ಕೆ ಕೊಟ್ಟರಂತೆ. ಅಡಕತ್ತರಿ ಆಯುಧವೆಂದು ತೆಗೆದುಕೊಂಡು ಬುಟ್ಟಿಗೆ ಹಾಕಿದರು. ಇವರು ಎರಡು ಮಾತು ಬೇಡಿಕೊಂಡದ್ದಕ್ಕೆ ಪಕ್ಕಕ್ಕೆ ನಿಲ್ಲಿಸಿದರು. ಅದು ಅವರ ತಂದೆಯ ಕಾಲದ್ದು.

ನನ್ನ ಚಾಕು ಒಳಗೆ. ಅವರ ಅಡಕತ್ತರಿ ಹೊರಗೆ. ಇದನ್ನು ನಾನು ಆ ದಿನದಿಂದ ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿ ನೋಡಿದ್ದೇನೆ. ಯಂತ್ರ ತನ್ನ ಕೆಲಸವನ್ನು ಸರಿಯಾಗಿ ಮಾಡಿತ್ತು; ಅದು ನನ್ನನ್ನು ಕಂಡು ಕೂಗಿತು. ಮೌನವಾಗಿಸಿದವರು ಮನುಷ್ಯರು. ಹಾಗಾದರೆ ಆ ಬಾಗಿಲು ಹುಡುಕುತ್ತಿದ್ದುದು ಚೂಪಾದ ವಸ್ತುವನ್ನಲ್ಲ. ಗುರುತಿಲ್ಲದ ಮನುಷ್ಯನನ್ನು. ಗುರುತಿರುವವನು ಕೇಡು ಮಾಡಲಾರನೆಂದೂ ಗುರುತಿಲ್ಲದವನು ಮಾಡಬಹುದೆಂದೂ ಅದು ಮೊದಲೇ ನಿಶ್ಚಯಿಸಿಕೊಂಡಿತ್ತು. ಎಲ್ಲರ ರಕ್ಷಣೆಗಾಗಿ ಎಂಬ ಮಾತು ಅಲ್ಲಿಗೆ ಮುರಿದುಬಿತ್ತು. ಏತಕ್ಕೆಂದರೆ, ಕೇಡು ಮಾಡಬೇಕೆಂದಿರುವವನು ಮಾಡಬೇಕಾದ ಮೊದಲ ಕೆಲಸ ಯಾರಾದರೊಬ್ಬರ ಗುರುತು ಸಂಪಾದಿಸುವುದೇ ಅಲ್ಲವೆ?

ಇದಕ್ಕೆ ಆಕ್ಷೇಪವುಂಟು. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಗರ್ಭಿಣಿಯ ಗತಿಯೇನು, ಕುಂಟನ ಗತಿಯೇನು, ಗೌರವವಂದನೆ ಸ್ವೀಕರಿಸಬೇಕಾದ ರಾಜ್ಯಪಾಲರು ಸಾಲಿನಲ್ಲಿ ನಿಲ್ಲಲಾದೀತೆ ಎಂದು ಕೇಳಬಹುದು. ನಿಲ್ಲಬೇಕಾಗಿಲ್ಲ. ಅವಶ್ಯಕತೆಗೆ ಕೊಡುವ ವಿನಾಯಿತಿ ಬೇರೆ, ಅಂತಸ್ತಿಗೆ ಕೊಡುವುದು ಬೇರೆ. ಮೊದಲನೆಯದನ್ನು ಸಾಲಿನಲ್ಲಿ ನಿಂತವರೇ ಎದ್ದು ಕೊಡುತ್ತಾರೆ. ಕಂಕುಳಲ್ಲಿ ಕೂಸಿರುವ ತಾಯಿಯನ್ನು ಮುಂದಕ್ಕೆ ಬಿಡಲು ನಮ್ಮ ಜನ ಗೊಣಗುವುದನ್ನು ನಾನು ಕಂಡಿಲ್ಲ. ಹಣದ ಪ್ರಶ್ನೆ ಇದಕ್ಕಿಂತ ತೊಡಕಿನದು. ನಮ್ಮ ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಕೆಲವೇ ದಿನ ತೆರೆಯುತ್ತದೆ. ಧರ್ಮದರ್ಶನದ ಸಾಲು ಊರ ಬೀದಿಗಳನ್ನು ಸುತ್ತುತ್ತದೆ. ಮುನ್ನೂರು ರೂಪಾಯಿಯ ಸಾಲು ಬೇರೆ, ಸಾವಿರ ರೂಪಾಯಿಯದು ಇನ್ನೂ ಬೇರೆ. ದೇವರ ಎದುರಿಗೆ ಇದು ಸಲ್ಲದೆಂದು ಕೆಲವರು, ಗುಡಿಯ ಖರ್ಚು ನಡೆಯಬೇಕಲ್ಲವೆ ಎಂದು ಕೆಲವರು. ದೇವರ ವಿಷಯದಲ್ಲಿ ನಾನು ತೀರ್ಪು ಹೇಳಲಾರೆ. ವಾದ್ಯದ ವಿಷಯದಲ್ಲಿ ಹೇಳಬಲ್ಲೆ. ಹತ್ತಿರದ ಕುರ್ಚಿಯನ್ನು ಮಾರಬಹುದು. ನೆರಳನ್ನು ಸಹ ಮಾರಬಹುದೇನೋ, ಮನಸ್ಸು ಒಪ್ಪದಿದ್ದರೂ. ಆದರೆ ನಂಬಿಕೆಯನ್ನು ಮಾರುವಂತಿಲ್ಲ. ಗೋಲ್ಡ್ ಕಾರ್ಡು ಹಿಡಿದವನ ಚೀಲವನ್ನೂ ಬೀದಿಯಿಂದ ಬಂದವನ ಚೀಲವನ್ನೂ ಒಂದೇ ಕೈ ಒಂದೇ ರೀತಿಯಲ್ಲಿ ಬಿಚ್ಚಿ ನೋಡಬೇಕು. ದೊಡ್ಡವರ ಚೀಲವನ್ನು ಮೊದಲು ನೋಡಿದರೆ ಇನ್ನೂ ಒಳ್ಳೆಯದು. ಸಾಲಿನಲ್ಲಿರುವವರ ಮುಖ ಆಗ ಹೇಗೆ ಸಡಿಲವಾಗುತ್ತದೆಂಬುದನ್ನು ಒಮ್ಮೆ ನೋಡಬೇಕು. 2020ರಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಜಂಬೂಸವಾರಿಯನ್ನು ಅರಮನೆಯ ಆವರಣದೊಳಗೇ ಮುಗಿಸಿದಾಗ ಒಳಗಿರಲು ಮುನ್ನೂರು ಜನರಿಗೆ ಮಾತ್ರ ಅನುಮತಿಯಿತ್ತು. ಲಕ್ಷಾಂತರ ಜನ ಮನೆಯಲ್ಲಿ ಕುಳಿತು ಪರದೆಯ ಮೇಲೆ ನೋಡಿದರು. ಅಂದು ಕೇಳಿಬಂದ ಪ್ರಶ್ನೆ, ನಮ್ಮನ್ನು ಏಕೆ ಬಿಡಲಿಲ್ಲವೆಂದಲ್ಲ. ಆ ಮುನ್ನೂರು ಮಂದಿ ಯಾರೆಂದು.

ಕಾವಲಿನವರ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಹಿರಿಯರ ಅಡಕತ್ತರಿಯನ್ನು ತೆಗೆದುಕೊಂಡವನು ಇಪ್ಪತ್ತೆರಡರ ಹುಡುಗನಂತೆ. ಮಧ್ಯಾಹ್ನದಿಂದ ನಿಂತೇ ಇದ್ದನಂತೆ. ಹಿರಿಯರಿಗೆ ಅವನ ಮೇಲೆ ಕೋಪವಿರಲಿಲ್ಲ. "ಅವನ ಬೆನ್ನು ಬ್ಯಾಂಡಿನ ಕಡೆಗಿತ್ತು ಮೇಷ್ಟ್ರೇ, ಪಾಪ, ಏನೂ ನೋಡಲಿಲ್ಲ" ಎಂದರು. ಬಾಗಿಲಿನಲ್ಲಿ ನಿಯಮ ಬರೆದವನು ಇರುವುದಿಲ್ಲ. ನಿಯಮವನ್ನು ಮುರಿದು ಉಪಕಾರ ಮಾಡಬಲ್ಲವನೂ ಬಹಳ ಹೊತ್ತು ಇರುವುದಿಲ್ಲ. ಅಲ್ಲಿ ಉಳಿಯುವವನು ಈ ಹುಡುಗ. ಅವನಿಗೆ ಎರಡು ಆಜ್ಞೆ: ಯಾರನ್ನೂ ಬಿಡಬೇಡ, ಹೇಳಿದವರನ್ನು ತಡೆಯಬೇಡ. ಇವೆರಡನ್ನೂ ನಡೆಸುವವನು ಕಡೆಗೆ ಬಟ್ಟೆಯನ್ನೂ ಮಾತಿನ ಧಾಟಿಯನ್ನೂ ನೋಡಿ ಮನುಷ್ಯನನ್ನು ಅಳೆಯಲು ಕಲಿಯದೆ ಇನ್ನೇನು ಮಾಡಿಯಾನು? ಕೈಸನ್ನೆ ಮಾಡಿದ ನನ್ನ ಶಿಷ್ಯನು ಆ ಹುಡುಗನಂಥವರಿಗೆ ಒಂದು ಪಾಠ ಕಲಿಸಿದ. ಹಗ್ಗ ದಾಟಿದ ನಾನೂ ಕಲಿಸಿದೆ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದ್ದಕ್ಕಿಂತ ಅದು ಬೇಗ ನಾಟಿರಬೇಕು.

ಕಾರ್ಯಕ್ರಮ ಮುಗಿದ ಮೇಲೆ ಇಬ್ಬರೂ ಬಾಗಿಲಿನ ಬಳಿಗೆ ಹೋದೆವು. ಬುಟ್ಟಿಗಳನ್ನು ಆಗಲೇ ಬರಿದುಮಾಡಿದ್ದರು. ಗೋಡೆಯ ಬುಡದಲ್ಲಿ ನೀರಿನ ಬಾಟಲಿಗಳು, ಬೆಂಕಿಪೊಟ್ಟಣಗಳು, ಛತ್ರಿಗಳು, ಮಕ್ಕಳ ಪೀಪಿಗಳು ಒಂದರ ಮೇಲೊಂದು ಬಿದ್ದಿದ್ದುವು. ದೀಪ ಆರಿಸುವವರೆಗೆ ಹುಡುಕಿದೆವು. ಅಡಕತ್ತರಿಗಳೇ ಏಳೆಂಟು ಸಿಕ್ಕಿದುವು, ಅವರದು ಸಿಗಲಿಲ್ಲ. ಬೇರೊಂದನ್ನು ತೆಗೆದುಕೊಳ್ಳಿರೆಂದು ಅಲ್ಲಿದ್ದವರೊಬ್ಬರು ಹೇಳಿದರು. "ಅದು ಇನ್ಯಾರದ್ದೋ" ಎಂದು ಹಿರಿಯರು ಕೆಳಗಿಟ್ಟರು.

ಮರುವಾರ ಹಾಸನದ ಪೇಟೆಯಲ್ಲಿ ಹೊಸದೊಂದನ್ನು ಕೊಂಡು ತಂದುಕೊಟ್ಟೆ. ಅಡಕೆ ತೆಳ್ಳಗೆ ಬರುವುದಿಲ್ಲವೆಂದು ಈಗಲೂ ಹೇಳುತ್ತಾರೆ, ಆದರೆ ಉಪಯೋಗಿಸುತ್ತಾರೆ. ಚಾಕುವಿನ ಸಂಗತಿಯನ್ನು ಅವರಿಗೆ ನಾನು ಹೇಳಿಲ್ಲ. ಈ ಪತ್ರಿಕೆ ಅವರ ಮನೆಗೂ ಹೋಗುತ್ತದೆ; ಊಟವಾದ ಮೇಲೆ ಅವರ ಸೊಸೆ ಗಟ್ಟಿಯಾಗಿ ಓದುತ್ತಾರೆ, ಅವರು ಜಗಲಿಯ ಮೇಲೆ ಕುಳಿತು ಕೇಳುತ್ತಾರೆ.